ಬಾಗಿಲು ದಾಟದ ಕಹಳೆ

ಒಬ್ಬ ತಮ್ಮನಿದ್ದ, ಅವನಿಗೊಬ್ಬಳು ಅಕ್ಕನಿದ್ದಳು ಎಂದು ಶುರುವಾಗುವ ಕತೆಗಳಲ್ಲಿ ಅಕ್ಕನದ್ದು ಏನಾದರೊಂದು ಕಳುವಾಗಿರಲೇಬೇಕು. ಒಂದು ಕತೆಯಲ್ಲಿ ನೆರಳು, ಇನ್ನೊಂದರಲ್ಲಿ ನಿದ್ದೆ. ಈ ಕತೆಯ ಅಕ್ಕ ಕಳೆದುಕೊಂಡದ್ದು ಸದ್ದನ್ನು. ಸಾವಿರ ಕೈಗಳ ಕಬ್ಬಿಣದ ರಾಕ್ಷಸನೊಬ್ಬ ದಿನಕ್ಕಿಷ್ಟು ಎಂದು ಅವಳ ಕಿವಿಯಿಂದ ಸದ್ದನ್ನು ಕದ್ದೊಯ್ದ. ಅದನ್ನು ಹಿಡಿದು ತಂದು ಮರದ ಪೆಟ್ಟಿಗೆಯಲ್ಲಿಟ್ಟು ನಿನ್ನ ಮನೆಗೇ ತಲುಪಿಸುತ್ತೇನೆ ಎಂದು ತಮ್ಮ ಮಾತು ಕೊಟ್ಟ. ಕತೆಯ ತಮ್ಮನಾಗಿದ್ದರೆ ಕುದುರೆ ಏರುತ್ತಿದ್ದ. ನಮ್ಮ ತಮ್ಮನಿಗೆ ಅರವತ್ತರ ಹತ್ತಿರ ವಯಸ್ಸು, ಮಂಡಿನೋವು ಬೇರೆ. ಅವನು ಹೊರಡುವುದು ಸೈಕಲ್ಲಿನಲ್ಲಿ. ಬೀದಿದೀಪ ಆರುವ ಮುಂಚೆ, ಕ್ಯಾರಿಯರಿಗೆ ಪ್ಲೈವುಡ್ ಹಲಗೆ ಬಿಗಿದುಕೊಂಡು.

ಬೀದಿಯವರೆಲ್ಲ ಈ ತಮ್ಮನನ್ನು ಕರೆಯುವುದು ಕಹಳೆಯಣ್ಣ ಎಂದು. ಹಳೆಯ ಮೂರಂತಸ್ತಿನ ಕಟ್ಟಡದ ಮೇಲಿನ ಮನೆಯಲ್ಲಿ, ಅಕ್ಕನ ಒಂದೇ ಕಿಟಕಿಯ ಕೋಣೆಯಲ್ಲಿ, ಈಗ ಅವರು ನೆಲದ ಮೇಲೆ ಕೂತು ಹಲಗೆಯ ಅಂಚನ್ನು ಉಜ್ಜುತ್ತಿದ್ದಾರೆ. ಮರದ ಹೊಟ್ಟು ಹುಬ್ಬಿನ ಮೇಲೆ ಕೂತಿರುವುದರಿಂದ ಇನ್ನಷ್ಟು ವಯಸ್ಸಾದಂತೆ ಕಾಣುತ್ತಾರೆ. ಕೆಳಗಿನ ಮನೆಯ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ಹೊತ್ತಿಗೆ ಸುತ್ತಿಗೆಯ ಕೆಲಸ ಮುಗಿದಿರಬೇಕು. ಅದಕ್ಕೇ ಈ ಬೆಳಗಿನ ಅವಸರ.

ಮಂಚದ ಮೇಲೆ ಚಹಾ ಲೋಟ ಹಿಡಿದು ಕೂತ ಅಕ್ಕನ ಕಡೆ ತಿರುಗಿ ಅವರು ತುಟಿ ಆಡಿಸುತ್ತಾರೆ. ದನಿಯೇ ಇಲ್ಲ. ಅಕ್ಕ ಉತ್ತರ ಕೊಡುತ್ತಾರೆ, ಅದು ಮೂರು ಮನೆಗೆ ಕೇಳುತ್ತದೆ: "ಅಂಟು ಇನ್ನೂ ಒಣಗಿಲ್ವಾ? ನಿನ್ನೆಯೂ ಇದೇ ಹೇಳಿದೆ!"

"ನರ್ಸಮ್ಮ ಬರೋದು ಎಂಟಕ್ಕಾದ್ರೂ ಇವಳು ಐದೂವರೆಗೇ ಇಡೀ ಕಟ್ಟಡ ಎಬ್ಬಿಸಿರ್ತಾಳೆ. ಸುತ್ತಿಗೆಗೆ ನಾನು ಸುಮ್ಮನೆ ಬಟ್ಟೆ ಸುತ್ತಿ ಹೊಡೀತೀನಿ" ಎಂದು ಕಹಳೆಯಣ್ಣ ನಗುತ್ತಾರೆ.

ಮನೆಗಳಲ್ಲಿ ಹಾಡು ಕೇಳುವವರಿಗೆ ಬೇಕಾದ ಸ್ಪೀಕರ್, ಅದಕ್ಕೆ ಶಕ್ತಿ ಕೊಡುವ ರಿಸೀವರ್ ಆರಿಸಿಕೊಡುವುದು, ದಪ್ಪ ಸದ್ದನ್ನು ಕಹಳೆಯಂತೆ ಊದುವ ಹಾರ್ನ್ ಸಬ್‌ವೂಫರ್ ಪೆಟ್ಟಿಗೆಯನ್ನು ಕೈಯಾರೆ ಮಾಡುವುದು ಅವರ ಕಸುಬು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ತಗಡಿನ ಶೆಡ್ಡು. ಬೋರ್ಡಿಲ್ಲ. ಒಂದು ಪೆಟ್ಟಿಗೆಗೆ ಮೂರು ವಾರ ಹಿಡಿಯುತ್ತದೆ. ವರ್ಷಕ್ಕೆ ಹತ್ತೋ ಹನ್ನೆರಡೋ ಆದರೆ ಹೆಚ್ಚು.

"ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ದೂರದವರನ್ನ ಕೂಗ್ತೀವಲ್ಲ, ಅಷ್ಟೇ ಇದು" ಎಂದು ಅವರು ತಮ್ಮ ವಿದ್ಯೆಯನ್ನು ಎರಡು ಮಾತಿನಲ್ಲಿ ಮುಗಿಸುತ್ತಾರೆ. "ಗುಮ್ಮ್ ಅನ್ನೋ ದಪ್ಪ ಸ್ವರ ಇದೆ ನೋಡಿ, ಅದಕ್ಕೆ ಕೈ ಸಾಲಲ್ಲ. ಒಂದು ಪಡಸಾಲೆಯಷ್ಟು ಉದ್ದದ ಹಾದಿ ಬೇಕು, ಹೋಗ್ತಾ ಹೋಗ್ತಾ ಅಗಲ ಆಗಬೇಕು. ಹೊದಿಕೆ ಮಡಚಿ ಟ್ರಂಕಿಗೆ ಹಾಕೋ ಹಾಗೆ ಆ ಹಾದೀನ ಮಡಚಿ ಪೆಟ್ಟಿಗೆ ಒಳಗೆ ಹಾಕ್ತೀನಿ. ಒಳಗಿನ ಸ್ಪೀಕರ್ ಸಣ್ಣಗೆ ಗೊಣಗಿದ್ರೂ ಸಾಕು, ಹೊರಗೆ ಬರೋ ಹೊತ್ತಿಗೆ ಗುಡುಗಾಗಿರುತ್ತೆ."

ಶೆಡ್ಡಿಗೆ ಬಂದವರಿಗೆ ಅವರು ಮೊದಲು ಸಾಮಾನು ತೋರಿಸುವುದಿಲ್ಲ, ಸ್ಟೂಲು ತೋರಿಸುತ್ತಾರೆ. ಕೂರಿಸಿ, ಏನು ಕೇಳ್ತೀರಿ, ಎಲ್ಲಿ ಕೂತು ಕೇಳ್ತೀರಿ, ಯಾರ ಜೊತೆ ಕೇಳ್ತೀರಿ ಎಂದು ವಿಚಾರಿಸುತ್ತಾರೆ. ಆಮೇಲೆ ಮನೆಗೇ ಹೋಗಿ, ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ಗೋಡೆಗೆ ಬಡಿದು ಚಿಲಿಪಿಲಿ ಎಂದರೆ, ಮೊದಲು ಪರದೆ ಹಾಕಿ, ಆಮೇಲೆ ಸ್ಪೀಕರ್ ನೋಡೋಣ ಎನ್ನುತ್ತಾರೆ.

ಕಳೆದ ತಿಂಗಳು ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿತ್ತು. ಸಾವಿರ ವ್ಯಾಟ್‌ನ ರಿಸೀವರೇ ಬೇಕು ಎಂದು ಗಂಡ ಮನಸ್ಸು ಮಾಡಿಕೊಂಡೇ ಬಂದಿದ್ದ.

"ಮನೇಲಿ ಎಷ್ಟು ಜನ?"

"ನಾವಿಬ್ಬರೇ."

"ಅಷ್ಟು ಜೋರಿಟ್ರೆ ನೆಮ್ಮದಿಯಾಗಿ ಜಗಳ ಆಡೋಕೂ ಆಗಲ್ಲವಲ್ಲಪ್ಪ. ಒಬ್ಬರದ್ದು ಒಬ್ಬರಿಗೆ ಕೇಳಲ್ಲ."

"ಹಾಗಾದ್ರೆ ಅದೇ ಕೊಟ್ಟುಬಿಡಿ" ಎಂದಳು ಹೆಂಡತಿ.

ಕೊನೆಗೆ ಅವರು ಒಯ್ದದ್ದು ಮಧ್ಯಮ ಗಾತ್ರದ ರಿಸೀವರ್, ಕಪಾಟಿನ ಮೇಲೆ ಕೂರುವ ಎರಡು ಸ್ಪೀಕರ್. "ಒಂದು ವಾರ ಕೇಳಿ, ಹಿಡಿಸದಿದ್ರೆ ವಾಪಸ್ ತನ್ನಿ. ನಾನು ಹೇಳಿದ್ದೇ ಸರಿ ಅಂತೇನಿಲ್ಲ, ಬಾಳೋದು ನೀವು" ಎಂದು ಕಹಳೆಯಣ್ಣ ಕಳಿಸಿದರು. ಜೊತೆಗೆ ಆ ಜೋಡಿ ಇನ್ನೊಂದನ್ನೂ ಒಯ್ದಿತು. ಅದರ ಕತೆ ಕೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ತಾಯಿ ತೀರಿಕೊಂಡಾಗ ಕಹಳೆಯಣ್ಣ ಇನ್ನೂ ಚಡ್ಡಿ ಹಾಕುವ ಹುಡುಗ, ಅಕ್ಕನಿಗೆ ಹದಿನೇಳು. ಅಕ್ಕ ಬಟ್ಟೆ ಗಿರಣಿಯ ಮಗ್ಗದ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿನ ಮಗ್ಗಗಳೇ ಕತೆಯ ಸಾವಿರ ಕೈಯ ರಾಕ್ಷಸ. ಅಲ್ಲಿ ಯಾರ ಮಾತೂ ಯಾರಿಗೂ ಕೇಳದೆ ಹೆಂಗಸರೆಲ್ಲ ತುಟಿಯಲ್ಲೇ ಮಾತಾಡುತ್ತಿದ್ದರು. ತಮ್ಮನು ಬಡಗಿ ಕೆಲಸ ಕಲಿತದ್ದು, ಶೆಡ್ಡಿಗೆ ಮೊದಲ ತಗಡು ಹೊದಿಸಿದ್ದು, ಎಲ್ಲ ಆ ಗದ್ದಲದ ಸಂಬಳದಲ್ಲೇ. ಅಕ್ಕನ ಕಿವಿಯಿಂದ ಮೊದಲು ಹೋದದ್ದು ಗುಬ್ಬಚ್ಚಿ. ಆಮೇಲೆ ಕುಕ್ಕರಿನ ಸೀಟಿ, ಮಕ್ಕಳ ಕೂಗು. ಕೊನೆಗೆ ಹಾಡು.

"ಡಾಕ್ಟರು ಏನಂದ್ರು ಗೊತ್ತಾ?" ಅಕ್ಕ ಲೋಟ ಕೆಳಗಿಡುತ್ತಾರೆ. "ಸಣ್ಣ ಸದ್ದೆಲ್ಲ ಹೋಗಿದೆ ತಾಯಿ, ದಪ್ಪ ಸದ್ದು ಮಾತ್ರ ಒಂದಿಷ್ಟು ಉಳಿದಿದೆ ಅಂದ್ರು. ನಾನು, ಉಳಿದಿದ್ದು ಎಲ್ಲಿದೆ ತೋರಿಸಿ ಅಂದೆ. ಕಿವಿಗೆ ಮಿಷನ್ನು ಕೊಟ್ರು. ಅದು ಹಾಕಿಕೊಂಡ್ರೆ ತಲೆ ಒಳಗೆ ಯಾರೋ ಚಮಚ ತೊಳೀತಿರೋ ಹಾಗಿರುತ್ತೆ. ತೆಗೆದು ಡ್ರಾಯರಿನಲ್ಲಿಟ್ಟೆ. ಅಲ್ಲೇ ಅದು ಸುಖವಾಗಿದೆ."

ಗಿರಣಿಯ ಊಟದ ಬಿಡುವಿನಲ್ಲಿ ಹಾಡು ಹೇಳಿಕೊಡುತ್ತಿದ್ದವರು ಇದೇ ಅಕ್ಕ. ಬೆಂಚಿನ ಮೇಲೆ ಅವರು ಹಾಕುವ ತಾಳಕ್ಕೆ ಉಳಿದವರೆಲ್ಲ ಹಾಡಬೇಕಿತ್ತು. ಈಗ ನಾಲ್ಕು ಜನ ಕೂತ ಕಡೆ ಅವರು ಎಲ್ಲರೂ ನಕ್ಕಾದ ಮೇಲೆ, ಒಂದು ಉಸಿರು ತಡವಾಗಿ ನಗುತ್ತಾರೆ. "ಆ ಒಂದು ಉಸಿರು ಇದೆಯಲ್ಲ, ಅದನ್ನ ನನ್ನ ಕೈಲಿ ನೋಡೋಕಾಗಲ್ಲ" ಎಂದು ಕಹಳೆಯಣ್ಣ ಮುಖ ಹಲಗೆಯ ಕಡೆ ತಿರುಗಿಸುತ್ತಾರೆ. ಉಳಿದ ಆ ದಪ್ಪ ಸದ್ದಿಗೆ ತಾಗುವಂಥ ಒಂದು ಪೆಟ್ಟಿಗೆ ಮಾಡಿಕೊಡುತ್ತೇನೆ ಎಂದು ಅವರು ಮಾತು ಕೊಟ್ಟದ್ದು ಆಗಲೇ.

ಕೊಟ್ಟ ಮಾತು ಮುಂದಕ್ಕೆ ಹೋಗುತ್ತಲೇ ಬಂತು. ಮಾಡಲಿಲ್ಲ ಎಂದಲ್ಲ, ಮಾಡಿದರು, ಮತ್ತೆ ಮತ್ತೆ. ಮೊದಲನೆಯದನ್ನು ನೃತ್ಯ ಕಲಿಸುವ ಟೀಚರೊಬ್ಬರು ಕಣ್ಣಲ್ಲಿ ನೀರು ತುಂಬಿಕೊಂಡು ತಮಗೆ ಕೊಡಿ ಎಂದು ಕೇಳಿ ಒಯ್ದರು. ಎರಡನೆಯದು ಮನೆಯಲ್ಲಿ ಕಷ್ಟ ಬಂದಾಗ ಮಾರಿಹೋಯಿತು. ಮೂರನೆಯದನ್ನು ಹಾಸಿಗೆ ಹಿಡಿದ ಗೆಳೆಯನಿಗೆ ತಾವೇ ಹೊತ್ತುಕೊಂಡು ಹೋಗಿ ಕೊಟ್ಟರು.

"ನಮ್ಮ ಮನೇಲಿ ಅಕ್ಕನ ಪೆಟ್ಟಿಗೆ ಅಂದ್ರೆ ಯಾರಿಗೋ ಹೊರಟು ನಿಂತಿರೋ ಪೆಟ್ಟಿಗೆ ಅಂತಲೇ ಅರ್ಥ" ಎನ್ನುತ್ತಾರೆ ಕಹಳೆಯಣ್ಣನ ಹೆಂಡತಿ. "ಕೇಳಿದವರಿಗೆ ಇಲ್ಲ ಅನ್ನೋಕೆ ಇವರಿಗೆ ನಾಲಿಗೆ ಏಳಲ್ಲ. ಪುಣ್ಯ, ನನ್ನನ್ನ ಯಾರೂ ಕೇಳಲಿಲ್ಲ."

ಅಕ್ಕ ಬೇಜಾರು ತೋರಿಸಿದವರಲ್ಲ. "ನನ್ನ ಪೆಟ್ಟಿಗೆ ಊರೆಲ್ಲ ಹಾಡ್ತಿದೆಯಂತೆ. ನನ್ನೊಬ್ಬಳಿಗೆ ಬಿಟ್ಟು" ಎಂದಷ್ಟೇ ಹೇಳುತ್ತಿದ್ದರು. ಆದರೆ ಈಚೆಗೆ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, ಉಳಿದ ದಪ್ಪ ಸದ್ದೂ ನಿಧಾನವಾಗಿ ಸವೆಯುತ್ತಿದೆ ಎಂದರು. ಅವತ್ತು ಆಸ್ಪತ್ರೆಯಿಂದ ಮನೆಯವರೆಗೆ ಅಕ್ಕ ತಮಾಷೆ ಮಾಡಲಿಲ್ಲ. ಶೆಡ್ಡಿನಲ್ಲಿದ್ದ ಬೇರೆಲ್ಲ ಕೆಲಸವನ್ನೂ ಪಕ್ಕಕ್ಕೆ ಸರಿಸಿ ಕಹಳೆಯಣ್ಣ ನಾಲ್ಕನೆಯ ಪೆಟ್ಟಿಗೆಗೆ ಕೂತರು.

ಅದಕ್ಕಾಗಿ ಅವರು ಅಕ್ಕನ ಕೋಣೆಯನ್ನು ಅಳೆದರು. ಮೂಲೆ ಅಳೆದರು. ಅಕ್ಕ ಕೂರುವ ಮಂಚದ ಎತ್ತರ ಅಳೆದರು. ಕೈಗಾಡಿಯಲ್ಲಿ ಪೆಟ್ಟಿಗೆ ಬಂದು, ನಾಲ್ಕು ಜನ ಹೆಗಲು ಕೊಟ್ಟು, ಎರಡನೇ ಅಂತಸ್ತಿನ ತಿರುವಿಗೆ ಬಂದಾಗ ಅವರಿಗೆ ನೆನಪಾಯಿತು: ಮೆಟ್ಟಿಲನ್ನು ಅಳೆದಿರಲಿಲ್ಲ.

ಪೆಟ್ಟಿಗೆ ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ನರ್ಸಮ್ಮ ಕೆಳಗೆ ನಿಂತು, "ಅಣ್ಣಾ, ನಾನು ಇವತ್ತು ಇಲ್ಲೇ ಮಲಗಲಾ?" ಎಂದರು. ಮೇಲಿನಿಂದ ಅಕ್ಕನ ಘೋಷಣೆ: "ಅಲ್ಲೇ ಬಿಡೋ! ನಾನೇ ಮೆಟ್ಟಿಲ ಮೇಲೆ ಕೂತು ಕೇಳ್ತೀನಿ!" ಎಲ್ಲರೂ ನಕ್ಕರು. ಕಹಳೆಯಣ್ಣ ನಗಲಿಲ್ಲ. ಹೇಗೋ ಬಿಡಿಸಿಕೊಂಡು ಶೆಡ್ಡಿಗೆ ವಾಪಸಾದ ಪೆಟ್ಟಿಗೆಯನ್ನೇ ಆ ಹೊಸ ಜೋಡಿ ನೋಡಿದ್ದು, ಇಷ್ಟಪಟ್ಟದ್ದು, ಒಯ್ದದ್ದು.

"ಮೂವತ್ತೈದು ವರ್ಷದ ಅನುಭವ, ಮೆಟ್ಟಿಲು ಮರೆತೆ. ಅವತ್ತು ಊಟ ಇಳೀಲಿಲ್ಲ" ಎನ್ನುತ್ತಾರೆ. "ಆಮೇಲೆ ಅನ್ನಿಸ್ತು, ಪೆಟ್ಟಿಗೆ ಮೇಲೆ ಹೋಗಲ್ಲ, ಹಲಗೆ ಹೋಗುತ್ತಲ್ಲ."

ಅಂದಿನಿಂದ ಐದನೆಯ ಪೆಟ್ಟಿಗೆಗೆ ಸೈಕಲ್ಲಿನ ಮೇಲೆ ದಿನಕ್ಕೊಂದು ಹಲಗೆ ಬರುತ್ತಿದೆ, ಜೋಡಣೆ ಅಕ್ಕನ ಕೋಣೆಯಲ್ಲೇ. ಬಟ್ಟೆಯ ಟ್ರಂಕು, ಹೊಲಿಗೆ ಯಂತ್ರ ಇದ್ದ ಮೂಲೆಯನ್ನು ಅಕ್ಕ ತೆರವು ಮಾಡಿದ್ದಾರೆ. ಹಾರ್ನಿಗೆ ಮೂಲೆ ಸಿಕ್ಕರೆ ಎರಡೂ ಗೋಡೆ, ನೆಲ ಸೇರಿ ಅದರ ಬಾಯನ್ನು ಇನ್ನಷ್ಟು ದೊಡ್ಡದು ಮಾಡುತ್ತವೆ. ಗೋಡೆ ಕೂಲಿ ಕೇಳದ ಕೆಲಸಗಾರ ಎಂದು ಕಹಳೆಯಣ್ಣ ಹೇಳುತ್ತಾರೆ. ರಿಸೀವರ್ ಹಳೆಯದು, ಕಡಿಮೆ ಶಕ್ತಿಯದು. ಆದರೆ ಅದರ ಗುಂಡಿ ದಪ್ಪವಾಗಿದೆ, ತಿರುಗಿಸಿದರೆ ಬೆರಳಿಗೆ ಕಟಕಟ ಎಂದು ತಾಗುತ್ತದೆ. ಕಿವಿ ನಂಬದವರಿಗೆ ಬೆರಳಾದರೂ ಲೆಕ್ಕ ಹೇಳಲಿ ಎಂದೇ ಅದನ್ನು ಆರಿಸಿದ್ದು. ಜೊತೆಗೆ ಎರಡು ಪುಟ್ಟ ಸ್ಪೀಕರ್. "ಅವು ಬಂದು ಹೋಗೋರಿಗೆ" ಎನ್ನುತ್ತಾರೆ ಅಕ್ಕ, ನೆಂಟರಿಗೆಂದು ತೆಗೆದಿಟ್ಟ ಕಪ್ಪುಗಳ ಮಾತಾಡುವವರಂತೆ.

ಹೋದ ವಾರ ಸಿನಿಮಾ ಹುಚ್ಚಿನ ಒಬ್ಬ ಗಿರಾಕಿ ಹುಡುಕಿಕೊಂಡು ಈ ಕೋಣೆಗೇ ಬಂದ. ಅರ್ಧ ನಿಂತಿದ್ದ ಪೆಟ್ಟಿಗೆಯ ಸುತ್ತ ಎರಡು ಸುತ್ತು ಹಾಕಿ, "ಇದನ್ನ ನನಗೇ ಕೊಡಿ, ಅವರಿಗೆ ಇನ್ನೊಂದು ಮಾಡಿದ್ರಾಯ್ತು" ಎಂದ. ಅಕ್ಕ ಅವನ ತುಟಿ ಓದಿದರು. ಕಿಟಕಿಯ ಆಚೆ ನೋಡಿದರು. ಕಹಳೆಯಣ್ಣ ಬಾಗಿಲಿನ ಅಗಲವನ್ನೊಮ್ಮೆ ನೋಡಿದರು. ಆಮೇಲೆ ಹಲ್ಲೆಲ್ಲ ಕಾಣುವಂತೆ ನಕ್ಕರು.

"ಕೊಡಬಹುದಿತ್ತು ಸ್ವಾಮಿ. ಆದರೆ ಇದು ಈ ಬಾಗಿಲಲ್ಲಿ ಹೋಗಲ್ಲ. ಕಟ್ಟಡ ಒಡೀಬೇಕು."

ಇಂದು ಸಂಜೆ, ನರ್ಸಮ್ಮ ಪಾಳಿಗೆ ಹೊರಡುವ ಹೊತ್ತಿಗೆ, ಕೊನೆಯ ಹಲಗೆ ಕೂತಿದೆ, ಅಂಟು ಒಣಗಿದೆ. ತಂತಿ ಸೇರಿಸಿ ಕಹಳೆಯಣ್ಣ ಹಾಡು ಹಾಕುತ್ತಾರೆ. ಗಿರಣಿಯ ಕಾಲದ್ದು, ದೊಡ್ಡ ಡೋಲಿನ ಪೆಟ್ಟಿನಿಂದ ಶುರುವಾಗುವಂಥದ್ದು. ಪುಟ್ಟ ಸ್ಪೀಕರುಗಳು ಹಾಡುತ್ತವೆ. ಡೋಲು ಮಾತ್ರ ಕಂಬಳಿಯ ಕೆಳಗಿನಿಂದ ಬಂದಂತೆ ಬರುತ್ತದೆ. ಅಕ್ಕ ತಮ್ಮನ ಮುಖ ನೋಡಿ, ಅವನಿಗಾಗಿ ಒಂದು ನಗು ನಗುತ್ತಾರೆ. ಆ ನಗು ಕಹಳೆಯಣ್ಣನಿಗೆ ಗೊತ್ತು. ಗುಂಡಿ ಹೆಚ್ಚಿಸುತ್ತಾರೆ. ತಂತಿ ಕಿತ್ತು ಮತ್ತೆ ಸೇರಿಸುತ್ತಾರೆ. ಹಣೆಯ ಬೆವರು ಹೊಟ್ಟಿನೊಂದಿಗೆ ಸೇರಿ ಕೆಸರಾಗುತ್ತದೆ. ತುಟಿ ತಾನಾಗಿ ಆಡುತ್ತದೆ: ತಪ್ಪಾಯಿತಕ್ಕ, ಎಲ್ಲೋ ತಪ್ಪಾಗಿದೆ.

ಅಕ್ಕ ಎದ್ದು ಬರುತ್ತಾರೆ. ನೇಯ್ದ ಬಟ್ಟೆಯ ಮೇಲೆ ಕೈಯಾಡಿಸಿ ಹರಿದ ಎಳೆ ಹುಡುಕಿದ ಅಂಗೈ ಅದು. ಬಾಯಿ ಮೂಲೆಗಿದ್ದ ಪೆಟ್ಟಿಗೆಯ ಬೆನ್ನ ಮೇಲೆ, ಹಲಗೆ ಹಲಗೆ ಸೇರುವ ಅಂಚಿನಲ್ಲಿ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯುತ್ತದೆ. ಒಂದು ಕಡೆ ನಿಲ್ಲುತ್ತದೆ.

"ಇಲ್ಲಿ ನೋಡೋ. ಇಲ್ಲಿ ಉಸಿರಾಡ್ತಿದೆ."

ಕಹಳೆಯಣ್ಣ ಬೆರಳಿಡುತ್ತಾರೆ. ಕೂದಲೆಳೆಯಷ್ಟು ಸಂದು. ಡೋಲಿನ ಪ್ರತಿ ಪೆಟ್ಟಿಗೂ ಗಾಳಿ ಅಲ್ಲಿಂದ ನುಸುಳುತ್ತಿದೆ. ಹಾದಿ ಹಿಡಿದು ಹೋಗಬೇಕಾದ ಬಲವೆಲ್ಲ ಹಿಂಬಾಗಿಲಲ್ಲಿ ಸೋರಿಹೋಗುತ್ತಿದೆ. ಅವರು ಮೇಣ ಬಿಸಿ ಮಾಡುತ್ತಾರೆ, ಸಂದಿಗೆ ಒತ್ತುತ್ತಾರೆ, ಆರುವವರೆಗೆ ಹೆಬ್ಬೆಟ್ಟಿನಲ್ಲಿ ಹಿಡಿದೇ ಇರುತ್ತಾರೆ. ಅಕ್ಕ ಮಂಚಕ್ಕೆ ಹೋಗಿ ಕೂತು ಚಪ್ಪಲಿ ಬಿಟ್ಟು ಪಾದವನ್ನು ನೆಲಕ್ಕಿಡುತ್ತಾರೆ.

ಹಾಡು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಈ ಸಲ ಡೋಲು ಮೂಲೆಯಿಂದ ಎದ್ದು, ಎರಡು ಗೋಡೆ ತಬ್ಬಿಕೊಂಡು, ನೆಲದ ಮೇಲೆ ನಡೆದು ಬರುತ್ತದೆ. ಕಿಟಕಿಯ ಗಾಜು ಕಂಪಿಸುತ್ತದೆ. ಖಾಲಿ ಲೋಟ ಸ್ಟೂಲಿನ ಮೇಲೆ ಒಂದಿಂಚು ಸರಿಯುತ್ತದೆ. ಅಕ್ಕ ಅಲ್ಲಾಡುವುದಿಲ್ಲ. ಕಣ್ಣು ಮುಚ್ಚಿದ್ದಾರೆ, ಯಾರ ತುಟಿಯನ್ನೂ ಓದುತ್ತಿಲ್ಲ. ಬಲಗಾಲಿನ ಹೆಬ್ಬೆರಳು ಏಳುತ್ತದೆ, ಬೀಳುತ್ತದೆ. ಮತ್ತೊಮ್ಮೆ. ಡೋಲಿಗೆ ಸರಿಯಾಗಿ, ಪೆಟ್ಟಿನ ಜೊತೆಗೇ. ಆಮೇಲೆ ಅಂಗೈ ಮಂಚದ ಅಂಚಿಗೆ ಇಳಿದು ತಾಳ ಹಾಕತೊಡಗುತ್ತದೆ.

ಕಹಳೆಯಣ್ಣ ಆ ಅಂಗೈಯನ್ನೇ ನೋಡುತ್ತಾರೆ. ಇನ್ನೂ ಸಾಲದೇನೋ ಎಂಬ ಅನುಮಾನದಲ್ಲಿ ಗುಂಡಿಯನ್ನು ಇನ್ನೊಂದು ಕಟಕ್ ಮೇಲಕ್ಕೆ ತಿರುಗಿಸುತ್ತಾರೆ.

ಅಕ್ಕ ಕಣ್ಣು ಬಿಟ್ಟು ಗದರುತ್ತಾರೆ: "ಅಷ್ಟು ಜೋರು ಯಾಕೋ ಇಡ್ತೀಯ? ನಾನೇನು ಕಿವುಡೀನಾ?"

ಕಹಳೆಯಣ್ಣ ಗುಂಡಿಯನ್ನು ಒಂದು ಕಟಕ್ ಕೆಳಗಿಳಿಸುತ್ತಾರೆ.