ಕೋಳಿ ಡಾಕ್ಟರ ಜಮಖಾನ

ಅವರ ಅಂಗಿಯ ಎಡಜೇಬಿನಲ್ಲಿ ಸದಾ ಒಂದು ಮೊಟ್ಟೆ ಇರುತ್ತಿತ್ತು. ಒಳಗೆ ಮರಿ ಬೆಳೆಯುತ್ತಿದೆ, ಬಿಸಿ ಆರಬಾರದು ಎಂದು ಅದರ ಮೇಲೊಂದು ಕೈ ಇಟ್ಟುಕೊಂಡೇ ಸಿಂಧನೂರಿನ ಬಸ್‌ಸ್ಟ್ಯಾಂಡಿನಿಂದ ದವಾಖಾನೆಗೆ ನಡೆದು ಬರುತ್ತಿದ್ದರು. ದನದ ದವಾಖಾನೆಯ ಡಾಕ್ಟರಾದರೂ ಊರೆಲ್ಲ ಅವರನ್ನು ಕೋಳಿ ಡಾಕ್ಟರು ಎನ್ನುತ್ತಿತ್ತು. ಎಂಬತ್ತರ ದಶಕದ ಕೊನೆಯಲ್ಲಿ, ಬಿ.ಎಸ್ಸಿ. ಮುಗಿಸಿ ಪಾಮನಕಲ್ಲೂರಿನ ಮನೆಯಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದ ನನ್ನನ್ನು ಹಂಗಾಮಿ ಸಹಾಯಕಿಯಾಗಿ ತೆಗೆದುಕೊಂಡವರು ಅವರೇ.

ದವಾಖಾನೆಯ ಹಿಂದಿನ ಕೋಣೆಯಲ್ಲಿ ಅವರು ಮಾಡುತ್ತಿದ್ದ ಕೆಲಸದ ತಲೆಬುಡ ನನಗೆ ಆರು ತಿಂಗಳು ತಿಳಿಯಲಿಲ್ಲ. ಬೇಸಿಗೆ ಬಂತೆಂದರೆ ಕೊಕ್ಕರೆ ರೋಗಕ್ಕೆ ಊರ ಕೋಳಿಗಳೆಲ್ಲ ಕುತ್ತಿಗೆ ತಿರುಚಿಕೊಂಡು ಸಾಯುತ್ತಿದ್ದವು. ಲಸಿಕೆಯೇನೋ ಇತ್ತು, ಆದರೆ ರಾಯಚೂರಿನಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ಥರ್ಮಾಸಿನ ಐಸು ಕರಗಿ ಅದು ಕೆಡುತ್ತಿತ್ತು. ಐಸು ಬೇಡದ ಲಸಿಕೆ ಮಾಡಬೇಕೆಂಬುದು ಅವರ ಹುಚ್ಚು. ಆ ರೋಗದ ವೈರಸ್ಸನ್ನು ಮರಿ ಬೆಳೆಯುತ್ತಿರುವ ಮೊಟ್ಟೆಗಳೊಳಗೆ ಬೆಳೆಸುತ್ತಿದ್ದರು. ಅದಕ್ಕೆ ಕೊಬ್ಬಿನ ತೆಳು ಪೊರೆಯಿದೆ, ಪೊರೆಯಲ್ಲಿ ನೆಟ್ಟ ಪ್ರೋಟೀನುಗಳೇ ಅದರ ಕೈಗಳು. ಮಾರ್ಜಕದಿಂದ ಪೊರೆಯನ್ನು ಕರಗಿಸಿ ಕೈಗಳನ್ನಷ್ಟೇ ಕೆಡದಂತೆ ಬಿಡಿಸಿಕೊಂಡರೆ ಕೋಳಿಯ ಮೈಗೆ ರೋಗವನ್ನು ಗುರುತಿಸಿ ತಡೆಯಲು ಅಷ್ಟೇ ಸಾಕು ಎನ್ನುತ್ತಿದ್ದರು.

"ಇದು ಬಟ್ಟಿ ಒಗಿಯೋ ಸೋಪಲ್ಲ ಬೇಟಾ. ಕಡಕ್ ಹಾಕಿದ್ರ ಪ್ರೋಟೀನ್ ಸಾಯ್ತದ. ನರಮ್ ಹಾಕಿದ್ರ ಬಿಟ್ಟು ಬರಂಗಿಲ್ಲ. ಜಬರ್ದಸ್ತಿ ಮಾಡಬಾರದು, ಪುಸಲಾಯಿಸಬೇಕು."

ಪುಸಲಾಯಿಸಿದ ಮೇಲೆ ಮಾರ್ಜಕವನ್ನು ಓಡಿಸಬೇಕು. ಕಣ್ಣಿಗೆ ಕಾಣದ ರಂಧ್ರಗಳ ಚೀಲದಲ್ಲಿ ಆ ಪ್ರೋಟೀನಿನ ರಸ ತುಂಬಿ, ಫ್ರಿಜ್ಜಿನೊಳಗೆ ಉಪ್ಪುನೀರಿನಲ್ಲಿ ಇಳಿಬಿಟ್ಟು, ನೀರು ಬದಲಿಸುತ್ತಾ ಎರಡು ಮೂರು ದಿನ ಕಾಯುತ್ತಿದ್ದೆವು. ಆಮೇಲೆ ಸಣ್ಣ ಕೊಳವೆಯಲ್ಲಿ ಕೋಳಿಯ ಕೆಂಪು ರಕ್ತಕಣಗಳ ಜೊತೆ ಬೆರೆಸಿಡುವುದು. ಪ್ರೋಟೀನು ಸರಿಯಿದ್ದರೆ ಕಣಗಳು ಒಂದನ್ನೊಂದು ಹಿಡಿದುಕೊಂಡು ತಳದಲ್ಲಿ ಜಮಖಾನದಂತೆ ಹರಡುತ್ತವೆ. ಕೆಟ್ಟಿದ್ದರೆ ನಡುವೆ ಅಂಗಿಯ ಗುಂಡಿಯಂತೆ ಕೂರುತ್ತವೆ. ಮಾರ್ಜಕ ಉಳಿದಿದ್ದರಂತೂ ಕಣಗಳೇ ಒಡೆದು ಬರೀ ಕೆಂಪು ನೀರು. ಎರಡು ವರ್ಷ ನಮಗೆ ಸಿಕ್ಕಿದ್ದು ಗುಂಡಿ, ಇಲ್ಲವೇ ಕೆಂಪು ನೀರು.

ಒಂದು ದಿನ ಬೇಸತ್ತು, ತೊಳೆದ ಸೋಪೇ ಕೊಳವೆಯಲ್ಲಿ ಉಳಿದು ಕಣ ಒಡೆಯುತ್ತಿರಬಹುದೆಂದು, "ಇನ್ನ ಮ್ಯಾಲೆ ಕೊಳವಿಗೆ ಸೋಪು ಮುಟ್ಟಿಸಬ್ಯಾಡ" ಎಂದರು. ಸೋಪಿಲ್ಲದೆ ಜಿಡ್ಡು ಹೋಗುವುದು ಹೇಗೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಭರಣಿಗೆ ಸೋಪು ತಾಗಿಸದೆ ಅವರೆಕಾಳಿನ ಹಿಟ್ಟಿನಿಂದ ಉಜ್ಜುವ ಪದ್ಧತಿ. ಊರಿಂದ ಒಂದು ಡಬ್ಬಿ ಹಿಟ್ಟು ತಂದೆ. ಕೊಳವೆಗಳು ಥಳಥಳ ಹೊಳೆದವು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮುಂದಿನ ವಾರವೇ ಜಮಖಾನ ಬಿತ್ತು. ಡಾಕ್ಟರು ಸ್ಟೂಲಿನ ಮೇಲೆ ಕೂತು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. ರಕ್ತ ಸಾಲದ್ದರಿಂದ ಅಂದು ಬರೀ ಉಪ್ಪುನೀರಿನ ಕೊಳವೆಯೊಂದನ್ನು ಹೋಲಿಕೆಗೆಂದು ಇಟ್ಟಿರಲಿಲ್ಲ. ಖುಷಿಯಲ್ಲಿ ಇಬ್ಬರೂ ಅದನ್ನು ಮರೆತೆವು. ಬೆಂಗಳೂರಿನಲ್ಲಿದ್ದ ತಮ್ಮ ಗುರುಗಳಿಗೆ ಕಾಗದ ಬರೆದರು. ಬಂದು ತೋರಿಸು ಎಂದು ಉತ್ತರವೂ ಬಂತು. ಮೊಟ್ಟೆ ಕೊಡುತ್ತಿದ್ದ ಆರ್.ಎಚ್. ಕ್ಯಾಂಪೆಂಬ ನಿರಾಶ್ರಿತರ ಕಾಲೊನಿಯ ಅಜ್ಜಿಗೆ, "ಮುಂದಿನ ಬ್ಯಾಸಗಿಗೆ ನಿನ್ನ ಕೋಳಿ ಸಾಯಂಗಿಲ್ಲ ಬಿಡು" ಎಂದುಬಿಟ್ಟರು.

ಡಾಕ್ಟರು ಬೆಂಗಳೂರಿಗೆ ಹೊರಡಲು ಎರಡು ದಿನವಿದ್ದಾಗ ಹೊಸದಾಗಿ ತಂದ ರಕ್ತವನ್ನು ಬರೀ ಉಪ್ಪುನೀರಿನೊಂದಿಗೆ ಒಂದು ಕೊಳವೆಗೆ ಹಾಕಿ ನೋಡಿದೆ. ಜಮಖಾನ ಬಿತ್ತು. ಇನ್ನೊಂದಕ್ಕೆ ಹಾಕಿದೆ, ಅಲ್ಲೂ ಬಿತ್ತು. ಪ್ರೋಟೀನೇ ಇಲ್ಲದ ಬರೀ ನೀರಿಗೆ ಗುಂಡಿಯಷ್ಟೇ ಕೂರಬೇಕಿತ್ತು. ಚೆಲ್ಲಿ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಧ್ಯಾಹ್ನವೆಲ್ಲ ಒದ್ದಾಡಿ ಸಂಜೆ ಹೇಳಿದೆ.

"ಸಾಹೇಬ್ರ, ಬರೀ ನೀರಿಗೂ ಜಮಖಾನ ಬಿದ್ದದರೀ."

"ಕೊಳವಿ ಯಾತರಿಂದ ತೊಳದಿ?"

"ಅವರಿ ಹಿಟ್ಟಿನಿಂದ್ರೀ. ಸೋಪು ಬ್ಯಾಡ ಅಂದಿದ್ರಲ್ರೀ."

ಅವರು ಒಂದು ಕೊಳವೆಯನ್ನೆತ್ತಿ ಬೆಳಕಿಗೆ ಹಿಡಿದರು. ಕೆಲವು ಕಾಳುಗಳಲ್ಲೂ ರಕ್ತಕಣಗಳನ್ನು ಅಂಟಿಸುವ ಅಂಶವಿರುತ್ತದೆಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. "ತಪ್ಪು ನಂದದ," ಎಂದರು. "ಸೋಪು ಬ್ಯಾಡ ಅಂದೆ. ಮತ್ತ ಯಾತರಿಂದ ಅಂತ ಹೇಳಲಿಲ್ಲ."

ಸೀಸೆಯ ತಳದಲ್ಲಿ ಉಳಿದಿದ್ದ ನಾಲ್ಕು ಹನಿ ರಸವನ್ನು ಹಿಟ್ಟು ತಾಗದ ಹೊಸ ಕೊಳವೆಯಲ್ಲಿ ರಕ್ತದೊಂದಿಗಿಟ್ಟು ನೋಡಿದೆವು. ಜಮಖಾನವೂ ಅಲ್ಲ, ಗುಂಡಿಯೂ ಅಲ್ಲ, ಅಂಚು ಹರಿದ ಒಂದು ಕೆಂಪು ಬಳೆ.

"ನಿನಗೇನ ಕಾಣ್ತದ?"

"ಗೊತ್ತಾಗವಲ್ದರೀ."

"ನಂಗೂ ಗೊತ್ತಾಗವಲ್ದು," ಎಂದು ಪುಸ್ತಕದಲ್ಲಿ ಅಷ್ಟನ್ನೇ ಬರೆದರು. ಗುರುಗಳಿಗೆ, ಹಿಂದೆ ಬರೆದದ್ದನ್ನು ನಂಬಬೇಡಿ ಎಂದು ಕಾಗದ ಹಾಕಿದರು. ಕ್ಯಾಂಪಿಗೆ ತಾವೇ ಸೈಕಲ್ಲಿನಲ್ಲಿ ಹೋಗಿ ಅಜ್ಜಿಗೆ ಹೇಳಿ ಬಂದರು. ಆ ಬೇಸಿಗೆಯಲ್ಲಿ ಅಜ್ಜಿಯ ಕೋಳಿಗಳು ಸತ್ತವು. ಮತ್ತೊಮ್ಮೆ ರಸ ತೆಗೆಯುವಷ್ಟರಲ್ಲಿ ಡಾಕ್ಟರಿಗೆ ಲಿಂಗಸುಗೂರಿಗೆ ವರ್ಗವಾಯಿತು. ಮೊದಲ ಜಮಖಾನದಲ್ಲಿ ಅವರ ಪ್ರೋಟೀನಿನ ಪಾಲೆಷ್ಟು, ನನ್ನ ಹಿಟ್ಟಿನ ಪಾಲೆಷ್ಟು ಎಂಬುದು ಇಂದಿಗೂ ಬಗೆಹರಿದಿಲ್ಲ. ಅವರ ಎರಡು ವರ್ಷದ ಕೆಲಸ ನಿಜವಾಗಿಯೂ ಫಲಿಸಿತ್ತೋ ಏನೋ, ನನ್ನ ಹಿಟ್ಟೇ ಅದನ್ನು ಮರೆಮಾಡಿತೋ ಏನೋ.

ತೊಂಬತ್ತರ ದಶಕದ ನಡುವಿನಲ್ಲಿ ಅವರು ತೀರಿಕೊಂಡರು. ಆಗ ನಾನು ಮಸ್ಕಿಯಲ್ಲಿ ಹೈಸ್ಕೂಲಿನ ವಿಜ್ಞಾನ ಟೀಚರು. ಸುದ್ದಿ ತಡವಾಗಿ ತಿಳಿದು ಲಿಂಗಸುಗೂರಿನ ಮನೆಗೆ ಹೋದೆ. ಅವರ ಹೆಂಡತಿ ನನ್ನ ಹೆಸರು ಕೇಳಿದ್ದೇ ಕೈ ಹಿಡಿದುಕೊಂಡರು.

"ನಿನ್ನ ಮಾತು ಭಾಳ ಆಡತಿದ್ರು. ತಾವು ಕೊಳವಿ ತೊಳಿಯೋದ್ರಾಗ ತಪ್ಪು ಮಾಡಿದ್ರಂತ, ನೀ ಹಿಡಿದು ಹೇಳಿದಿಯಂತ. ಆಕಿ ಹೇಳದಿದ್ರ ನಾ ಬೆಂಗಳೂರಿಗೆ ಸುಳ್ಳು ಒಯ್ತಿದ್ದೆ ಅಂತಿದ್ರು."

  ಆಕೆ ಕೊಟ್ಟ ಚಹಾ ಕುಡಿದು ಎದ್ದು ಬಂದೆ. 'ತಪ್ಪು ನಂದದ' ಎನ್ನುವುದನ್ನು ಅವರಿಂದ ಕಲಿತೂ ಅವರ ಮನೆಯಲ್ಲೇ ಅನ್ನಲಾಗಲಿಲ್ಲ ಎಂಬ ನಾಚಿಕೆ ಇನ್ನೂ ಇದೆ. ಅಂದು ಆಕೆಗೆ ಹೇಳಬೇಕಿದ್ದದ್ದು ಇಷ್ಟೇ: ಅಮ್ಮಾ, ಆ ಕೊಳವೆಗಳನ್ನು ತೊಳೆದವಳು ನಾನು.