ತೊಗರಿ ಕಾಂಟಾದ ಮೇಲೆ ಒಬ್ಬ ಜರ್ಮನ್ ಬಾಕ್ಸರ್

ಕಲಬುರಗಿಯಲ್ಲಿ ಹುಮನಾಬಾದ್ ಬಸ್ಸು ಹತ್ತಿದಾಗ ಬೆಳಗಿನ ಎಂಟೂವರೆ. ಎಳ್ಳ ಅಮಾವಾಸ್ಯೆಗೆ ಎರಡು ದಿನ ಬಾಕಿ. ಬಿಸಿಲು ಬಂದಿದ್ದರೂ ಚಳಿ ಬಿಟ್ಟಿರಲಿಲ್ಲ. ಕಂಡಕ್ಟರ್ ನನ್ನ ಆಧಾರ್ ನೋಡಿ ಪುಕ್ಕಟೆ ಚೀಟಿ ಕೊಟ್ಟ. ಪಕ್ಕದಲ್ಲಿ ಮೊಣಕಾಲು ಮಡಚಲಾಗದೆ ಒದ್ದಾಡುತ್ತಿದ್ದ ರೈನರ್ ಅವರಿಂದ ಎಂಬತ್ತೈದು ರೂಪಾಯಿ ತೆಗೆದುಕೊಂಡ. ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಎಂದು ವಿವರಿಸಿದೆ. ಅವರು ತಮ್ಮ ಚೀಟಿಯನ್ನೂ ನನ್ನ ಚೀಟಿಯನ್ನೂ ನೋಡಿ, ಒಳ್ಳೆಯ ರಾಜ್ಯ ಎಂದರು.

ನಾನು ಧಾರವಾಡದಲ್ಲಿ ಇಪ್ಪತ್ತೆಂಟು ವರ್ಷ ಜರ್ಮನ್ ಕಲಿಸಿ ನಿವೃತ್ತಳಾದವಳು. ರೈನರ್ ಜರ್ಮನಿಯ ಉತ್ತರದ ಬಂದರಿನವರು, ಅರವತ್ತು ದಾಟಿದ ಮಾಜಿ ಬಾಕ್ಸರ್. ನಿವೃತ್ತರನ್ನು ಬೇರೆ ದೇಶಗಳಿಗೆ ಕಲಿಸಲು ಕಳಿಸುವ ಸಂಸ್ಥೆಯೊಂದಕ್ಕೆ ಬಸವಕಲ್ಯಾಣದ ಶರಣಪ್ಪ ಮಾಸ್ತರರು ಅರ್ಜಿ ಹಾಕಿದ್ದರಂತೆ. ಸಂಸ್ಥೆ ಇವರನ್ನು ಐದು ದಿನಕ್ಕೆ ಕಳಿಸಿತು, ದುಭಾಷಿಯ ಕೆಲಸ ನನ್ನ ಪಾಲಿಗೆ ಬಂತು. ಒಬ್ಬರ ಮೂತಿಗೆ ಇನ್ನೊಬ್ಬರು ಗುದ್ದುವುದನ್ನು ಆಟ ಎನ್ನುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಊರು ನೋಡಿದ ಹಾಗಾಯಿತು ಎಂದು ಒಪ್ಪಿಕೊಂಡಿದ್ದೆ, ಅಷ್ಟೇ.

ಕಮಲಾಪುರ ದಾಟುವ ಹೊತ್ತಿಗೆ ಮಾತು ಅವರ ಹಳೆಯ ದಿನಗಳಿಗೆ ತಿರುಗಿತು. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಕೆಲಸ, ಸಂಜೆ ಬಾಕ್ಸಿಂಗ್. ಪೂರ್ವ ಜರ್ಮನಿಯಲ್ಲಿ ದುಡ್ಡಿಗಾಗಿ ಆಡುವಂತಿರಲಿಲ್ಲ. ಬರ್ಲಿನ್ ಗೋಡೆ ಬಿದ್ದ ಮೇಲೆ, ಇಪ್ಪತ್ತಾರನೆಯ ವಯಸ್ಸಿನಲ್ಲಿ ವೃತ್ತಿಗೆ ಇಳಿದರು. ಮೊದಲ ಪಂದ್ಯ ಬಿಯರ್ ಕುಡಿಯುವವರ ಸಭಾಂಗಣದಲ್ಲಿ ನಡೆಯಿತಂತೆ. ಮುಂದಿನ ಸಾಲಿನವರು ಊಟ ಮಾಡುತ್ತಲೇ ನೋಡುತ್ತಿದ್ದರಂತೆ. ಒಟ್ಟು ಮೂವತ್ತೊಂದು ಪಂದ್ಯ, ಇಪ್ಪತ್ನಾಲ್ಕು ಗೆಲುವು, ಎರಡು ಸಲ ಮುರಿದ ಮೂಗು. ಮಿಡಲ್‌ವೇಟ್ ಎಂದರೆ ಎಪ್ಪತ್ತೆರಡೂವರೆ ಕಿಲೋ ದಾಟಬಾರದು. ಅವರ ಮೈಗೆ ಸಹಜವಾಗಿದ್ದದ್ದು ಎಪ್ಪತ್ತೊಂಬತ್ತು. "ಹನ್ನೊಂದು ವರ್ಷ ಹಸಿದುಕೊಂಡೇ ಇದ್ದೆ," ಎಂದರು. ಎದುರಾಳಿಗಿಂತ ತಕ್ಕಡಿಗೆ ಹೆಚ್ಚು ಹೆದರುತ್ತಿದ್ದರಂತೆ.

ಹುಮನಾಬಾದಿನಲ್ಲಿ ಇಳಿದು ಮಿರ್ಚಿ ಭಜಿ ತಿಂದೆವು. ಹಳ್ಳಿಖೇಡದ ಕಡೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಸರ್ಕಲ್‌ನಲ್ಲಿ ಒಂದರ ಹಿಂದೊಂದು ನಿಂತು ರಸ್ತೆ ಕಟ್ಟಿದ್ದವು. ಬಸವಕಲ್ಯಾಣದ ಬಸ್ಸು ಅವುಗಳ ಹಿಂದೆ ಸಿಕ್ಕಿ, ಮೂವತ್ತು ಕಿಲೋಮೀಟರಿಗೆ ಒಂದೂಕಾಲು ತಾಸು ತೆಗೆದುಕೊಂಡಿತು. ರೈನರ್‌ಗೆ ಆತುರವಿರಲಿಲ್ಲ. ಟ್ರ್ಯಾಕ್ಟರಿನಿಂದ ಯಾರೋ ಕೊಟ್ಟ ಕಬ್ಬಿನ ತುಂಡನ್ನು ಕಿಟಕಿಯಲ್ಲಿ ಜಗಿಯುತ್ತ ಕೂತಿದ್ದರು.

ಶರಣಪ್ಪ ಮಾಸ್ತರರ ಬಾಕ್ಸಿಂಗ್ ಶಾಲೆ ಲಾರಿ ಬಾಡಿ ಕಟ್ಟುವ ಓಣಿಯಲ್ಲೊಂದು ತಗಡಿನ ಶೆಡ್. ಎಡಕ್ಕೆ ವೆಲ್ಡಿಂಗ್, ಬಲಕ್ಕೆ ಬಣ್ಣ ಹೊಡೆಯುವವರು. ಗುದ್ದಲು ತೂಗುಹಾಕಿದ ಚೀಲಗಳೊಳಗೆ ತೊಗರಿ ಹೊಟ್ಟು, ಹಳೆ ಟ್ಯೂಬಿನ ಚೂರು. ರೈನರ್ ಒಂದಕ್ಕೆ ಗುದ್ದಿ ನೋಡಿ, ತಮ್ಮೂರಿನ ಚೀಲಗಳಿಗಿಂತ ಇದು ಕೈಗೆ ಮೆತ್ತಗೆ ಎಂದರು. ನಾನು ಅನುವಾದಿಸಿದ ಕೂಡಲೇ ಮಾಸ್ತರರ ಎದೆ ಉಬ್ಬಿತು.

ಅಲ್ಲಿದ್ದ ಹನ್ನೆರಡು ಮಂದಿಯಲ್ಲಿ ರೈನರ್ ಕಣ್ಣು ನಿಂತದ್ದು ಸವಿತಾ ಮೇಲೆ. ನಿರ್ಣಾದ ಹುಡುಗಿ, ಇಪ್ಪತ್ತು ವರ್ಷ, ಇಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದಳು. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುವವರು. ನಾಲ್ಕನೆಯ ದಿನ, ಶನಿವಾರ, ಹುಮನಾಬಾದಿನಲ್ಲಿ ರಾಜ್ಯ ಮಟ್ಟಕ್ಕೆ ಆಯ್ಕೆ ಪಂದ್ಯಗಳಿದ್ದವು. ಹೋದ ವರ್ಷ ಐವತ್ತೇಳು ಕಿಲೋ ವಿಭಾಗದಲ್ಲಿ ಹಳ್ಳಿಖೇಡದ ರೇಷ್ಮಾ ಎಂಬವಳ ಕೈಯಲ್ಲಿ ಸೋತಿದ್ದಳು. ಅವಳನ್ನು ತಪ್ಪಿಸಲೆಂದೇ ಐದು ತಿಂಗಳು ಅರೆಹೊಟ್ಟೆ ಉಂಡು ಐವತ್ತನಾಲ್ಕರೊಳಗೆ ಇಳಿದಿದ್ದಳು.

"ಈ ಸಲ ಗೆದ್ರ ರಾಜ್ಯಕ್ಕ ಹೋಗ್ತೇನ್ರಿ ಮೇಡಂ, ಅಲ್ಲಿಂದ ಕ್ರೀಡಾ ಹಾಸ್ಟೆಲ್," ಎಂದಳು. "ಇಲ್ಲಾಂದ್ರ ಸೋಮವಾರದಿಂದ ಹುಲಸೂರದಾಗ ಸೀರಿ ಅಂಗಡಿ. ನಮ್ಮವ್ವ ಮಾತಾಡಿ ಬಂದಾಳ."

"ಆಮೇಲೆ ಆಟ?"

"ಮುಂಜಾನಿ ಒಂಬತ್ತರಿಂದ ರಾತ್ರಿ ಒಂಬತ್ತರ ತನಕ ಸೀರಿ ಮಡಚಿದ ಮ್ಯಾಲ ಆಟ ಎಲ್ಲಿದ್ರಿ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಎರಡನೆಯ ದಿನ ಪೂರ್ತಿ ಶೆಡ್ಡಿನಲ್ಲೇ ಕಳೆಯಿತು. ಕೋಟೆ ನೋಡೋಣ ಎಂದು ನಾನು ನಾಲ್ಕು ಸಲ ಹೇಳಿದೆ. ರೈನರ್ ನಾಲ್ಕು ಸಲವೂ ನಾಳೆ ಎಂದರು. ಸವಿತಾಳಿಗೆ ಅವರು ಹೇಳಿಕೊಟ್ಟದ್ದು ಒಂದೇ ಪಾಠ: ಹೊಡೆದ ಮೇಲೆ ನಿಂತು ನೋಡಬೇಡ, ಎಡಕ್ಕೆ ಸರಿ. ಸಂಜೆಯ ಹೊತ್ತಿಗೆ "ಎಡಕ್ಕೆ" ಎಂಬ ಮಾತನ್ನು ಅವರೇ ಕನ್ನಡದಲ್ಲಿ ಕೂಗತೊಡಗಿದ್ದರು. ನನ್ನ ಕೆಲಸ ಅರ್ಧಕ್ಕರ್ಧ ಕಡಿಮೆಯಾಯಿತು.

ಮೂರನೆಯ ದಿನ ಎಳ್ಳ ಅಮಾವಾಸ್ಯೆ. ಈ ಭಾಗದಲ್ಲಿ ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ದಾರಿಹೋಕರನ್ನೂ ಕರೆದು ಉಣಿಸುತ್ತಾರೆ, ಬೇಡ ಎನ್ನುವ ಹಾಗಿಲ್ಲ. ಮಾಸ್ತರರ ಹೊಲದಲ್ಲಿ ಜೋಳದ ಬೆಳೆಯ ನಡುವೆ ಕೂತು, ಹತ್ತಾರು ಬಗೆಯ ಕಾಳು, ಸೊಪ್ಪು, ತರಕಾರಿ ಕೂಡಿಸಿ ಕುದಿಸಿದ ಭಜ್ಜಿ, ಕಡುಬು, ಅಂಬಲಿ ಉಂಡೆವು. ರೈನರ್ ಮೂರು ಸಲ ಹಾಕಿಸಿಕೊಂಡರು. ಸವಿತಾ ಚಮಚದ ತುದಿಯಲ್ಲಿ ಅಂಬಲಿ ನೆಕ್ಕಿ ಎದ್ದುಬಿಟ್ಟಳು. ಆದರೆ ಮಧ್ಯಾಹ್ನ ಊರಿಗೆ ಹೋದವಳನ್ನು ನಿರ್ಣಾದ ದಾರಿಯಲ್ಲಿ ಐದು ಹೊಲದವರು ಕರೆದರಂತೆ. ಐದು ಕಡೆಯೂ ಒಂದೊಂದು ತುತ್ತು ತಿನ್ನದೆ ಆಗಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಏಳಕ್ಕೇ ಹುಮನಾಬಾದ್ ಸೇರಿದೆವು. ಪಂದ್ಯದ ಸಭಾಂಗಣದಲ್ಲಿದ್ದ ತೂಕದ ಯಂತ್ರ ಕೆಟ್ಟು ಕೂತಿತ್ತು. ಸಂಘಟಕರು ಮಾರುಕಟ್ಟೆಯ ಅಡತಿ ಅಂಗಡಿಯೊಂದರಿಂದ ತೊಗರಿ ತೂಗುವ ಎಲೆಕ್ಟ್ರಾನಿಕ್ ಕಾಂಟಾ ತರಿಸಿದ್ದರು. ಅದರ ಜೊತೆಗೆ ಅದನ್ನು ನಡೆಸುವ ಖಾಸಿಂ ಚಾಚಾ ಕೂಡ ಬಂದಿದ್ದರು: ಬಿಳಿ ಗಡ್ಡ, ಕಿವಿಯ ಹಿಂದೆ ಪೆನ್ಸಿಲ್, ಕೊರಳಲ್ಲಿ ಮಫ್ಲರ್. ಅಂಕಿ ತೋರಿಸುವ ಡಬ್ಬಿ ಅವರ ಕಡೆ ತಿರುಗಿತ್ತು. ಒಬ್ಬೊಬ್ಬರಾಗಿ ಹತ್ತಿದರು, ಚಾಚಾ ತೊಗರಿ ಚೀಲಕ್ಕೆ ಕೂಗುವ ರಾಗದಲ್ಲೇ ತೂಕ ಕೂಗಿದರು, ದೂರದ ಮೇಜಿನಲ್ಲಿ ಅಧಿಕಾರಿಗಳು ಬರೆದುಕೊಂಡರು. ಸವಿತಾ ಕಣ್ಣು ಮುಚ್ಚಿಕೊಂಡು ಹತ್ತಿದಳು.

"ತಿರ್ಪನ್ ಕಿಲೋ ತೀನ್ ಸೌ!"

ಐವತ್ತಮೂರು ಕಿಲೋ ಮುನ್ನೂರು ಗ್ರಾಂ. ಸವಿತಾ ಕಣ್ಣು ಬಿಟ್ಟು, ಕಾಂಟಾದಿಂದ ಜಿಗಿದು ನನ್ನನ್ನು ತಬ್ಬಿಕೊಂಡಳು. ಆ ಕ್ಷಣಕ್ಕೆ ನಾನೂ ಬಾಕ್ಸಿಂಗ್ ಪಕ್ಷದವಳಾದೆ.

ಎಲ್ಲರದೂ ಮುಗಿದ ಮೇಲೆ ರೈನರ್ ತಮಾಷೆಗೆಂದು ಹತ್ತಿದರು. ಚಾಚಾ "ಅಸ್ಸಿ ಕಿಲೋ!" ಎಂದರು, ಅಂದರೆ ಎಂಬತ್ತು. ರೈನರ್‌ಗೆ ತಕ್ಕಡಿ ಹತ್ತಿದ ಮೇಲೆ ಅಂಕಿ ನೋಡದೆ ಇಳಿದು ಗೊತ್ತಿಲ್ಲ. ಬಗ್ಗಿ ಡಬ್ಬಿ ನೋಡಿದರು. ಎಂಬತ್ತೊಂದು ಎಂದು ಹೊಳೆಯುತ್ತಿತ್ತು. ಮುದುಕ ಏನೆಂದು ಕೂಗಿದ ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರ ಮುಖ ಗಂಭೀರವಾಯಿತು. ನಾನು ಚಾಚಾನ ಹತ್ತಿರ ಹೋಗಿ ಮೆಲ್ಲಗೆ ವಿಚಾರಿಸಿದೆ.

ಚಾಚಾ ಡಬ್ಬಿ ನೋಡಿದರು, ಹಣೆ ಬಡಿದುಕೊಂಡರು. "ತೋಬಾ ತೋಬಾ! ಮುಂಜಾನಿಂದ ಬಾರದಾನ ಕಡದು ಹೇಳಾಕತ್ತೇನಿ! ಚೀಲದ ತೂಕ ಅಂತ ಒಂದ್ ಕಿಲೋ ತಗಿಯೋದು ಮೂವತ್ತು ವರ್ಷದ ರೂಢಿರಿ ಮೇಡಂ, ಬಾಯಿ ತನ್ನಷ್ಟಕ ಹೇಳ್ತದ. ಮನಷ್ಯಾಗ ಚೀಲ ಎಲ್ಲಿರ್ತದ!"

ಅಂದರೆ ಸವಿತಾಳ ನಿಜವಾದ ತೂಕ ಐವತ್ತನಾಲ್ಕು ಕಿಲೋ ಮುನ್ನೂರು ಗ್ರಾಂ. ಮುನ್ನೂರು ಗ್ರಾಂ ಹೆಚ್ಚು.

ಇದು ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ಸುಮ್ಮನಿದ್ದುಬಿಡೋಣ ಎಂದು ಮೊದಲು ಹೇಳಿದವಳು ನಾನೇ, ಇಲ್ಲಿ ಮುಚ್ಚಿಡುವುದೇನಿದೆ. ಇಪ್ಪತ್ತೆಂಟು ವರ್ಷ ಪರೀಕ್ಷೆಯಲ್ಲಿ ನಕಲು ಹಿಡಿದವಳು ಅವತ್ತು ಒಂದು ಹುಡುಗಿಗಾಗಿ ನಕಲಿನ ಪರ ನಿಂತೆ. ರೈನರ್ ತಲೆಯಲ್ಲಾಡಿಸಿದರು. "ಮೊದಲು ಅವಳಿಗೆ ಹೇಳೋಣ. ಮೈ ಅವಳದು," ಎಂದರು.

ಸಭಾಂಗಣದ ಹಿಂದೆ ಖಾಲಿ ಚೀಲಗಳ ರಾಶಿಯ ಮೇಲೆ ಸವಿತಾಳನ್ನು ಕೂರಿಸಿ ಹೇಳಿದೆ. ಅವಳು ಅಳಲಿಲ್ಲ. "ಒಂದ್ ತಾಸು ಟೈಮ್ ಕೊಡ್ತಾರ್ರಿ. ಕಂಬಳಿ ಹೊಚ್ಕೊಂಡು ಓಡಿದ್ರ ಇಳೀತದ," ಎಂದು ಎದ್ದು ನಿಂತಳು. ಎರಡು ದಿನದಿಂದ ಸರಿಯಾಗಿ ನೀರನ್ನೂ ಕುಡಿಯದ ತುಟಿ ಒಡೆದಿತ್ತು. ಆಗ ರೈನರ್ ಬಸ್ಸಿನಲ್ಲಿ ಹೇಳದೆ ಬಿಟ್ಟಿದ್ದ ಪಂದ್ಯದ ಕತೆ ಹೇಳಿದರು. ನಾನು ವಾಕ್ಯಕ್ಕೆ ವಾಕ್ಯ ಕನ್ನಡಕ್ಕೆ ತಂದೆ.

ಇಪ್ಪತ್ತೆಂಟನೆಯ ಪಂದ್ಯ, ದೇಶದ ಚಾಂಪಿಯನ್ ಬೆಲ್ಟಿಗಾಗಿ. ತೂಕದ ದಿನ ಇನ್ನೂರು ಗ್ರಾಂ ಹೆಚ್ಚಿತ್ತು. ಎರಡು ತಾಸು ಕೊಟ್ಟರು. ಬಾಯ್ಲರ್ ಕೋಣೆಯಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ಹಗ್ಗ ಜಿಗಿದರು, ಲೋಟದಲ್ಲಿ ಉಗುಳುತ್ತ ಕೂತರು, ತಲೆ ಬೋಳಿಸಿಕೊಂಡರು. ತೂಕ ಸರಿಹೋಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಎಂಟು ಸುತ್ತು ಗೆಲ್ಲುತ್ತಲೇ ಇದ್ದರು. ಒಂಬತ್ತನೆಯ ಸುತ್ತಿನಲ್ಲಿ ಕಾಲಲ್ಲಿ ಬಲವೇ ಇರಲಿಲ್ಲ. ಬಿದ್ದದ್ದು ನೆನಪಿದೆ, ಎದ್ದದ್ದು ನೆನಪಿಲ್ಲ. ಮತ್ತೆ ಅಂಥ ಪಂದ್ಯ ಸಿಗಲೇ ಇಲ್ಲ. ಅದಾದ ಮೇಲಿನ ಮೂರೂ ಸಣ್ಣ ಊರುಗಳಲ್ಲಿ.

ಸವಿತಾ ಮತ್ತೆ ಚೀಲಗಳ ಮೇಲೆ ಕೂತಳು. "ಮ್ಯಾಲಿನ ತೂಕದಾಗ ಆಡಿದ್ರ ಗೆಲ್ತಿದ್ರೇನು, ಕೇಳ್ರಿ."

ಕೇಳಿದೆ. ಗೊತ್ತಿಲ್ಲ, ಸೋಲುತ್ತಿದ್ದೆನೇನೋ ಎಂದರು ರೈನರ್. "ಆದರೆ ಸೋಲುವವನು ನಾನಾಗಿರುತ್ತಿದ್ದೆ. ಅವತ್ತು ರಿಂಗಿನಲ್ಲಿ ಸೋತವನು ನನ್ನ ಅರ್ಧ ಮಾತ್ರ."

ಆ ಹೊತ್ತಿಗೆ ಸವಿತಾಳ ಅವ್ವ ಶಾಂತಾಬಾಯಿ ನಿರ್ಣಾದಿಂದ ಬುತ್ತಿ ಕಟ್ಟಿಕೊಂಡು ಬಂದರು. ತೆಳ್ಳಗಿನ ಹೆಂಗಸು, ತೊಗರಿ ಕೊಯ್ದು ಕೈಯೆಲ್ಲ ಗೀರು. ಮಗಳ ಆಟವನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಸವಿತಾ ನೆಟ್ಟಗೆ ಅಧಿಕಾರಿಗಳ ಮೇಜಿಗೆ ಹೋದಳು. ಚಾಚಾ ಹಿಂದೆಯೇ ಹೋಗಿ ತಪ್ಪೊಪ್ಪಿಕೊಂಡರು. ಗದ್ದಲವಾಯಿತು, ಎಲ್ಲರನ್ನೂ ಮತ್ತೆ ತೂಗಿದರು. ಇನ್ನೂ ನಾಲ್ವರ ವಿಭಾಗ ಬದಲಾಯಿತು. ಒಬ್ಬ ಹುಡುಗ ನನ್ನನ್ನೂ ರೈನರನ್ನೂ ಕೂಡಿಸಿ ಬೈದ. ನಾನು ಅದನ್ನು ಅನುವಾದಿಸಲಿಲ್ಲ. ಒಂದು ತಾಸು ಬೇಕೇ ಎಂದು ಅಧಿಕಾರಿ ಸವಿತಾಳನ್ನು ಕೇಳಿದರು.

"ಬ್ಯಾಡ್ರಿ. ಐವತ್ತೇಳರಾಗ ಬರ್ಕೊಳ್ರಿ," ಎಂದಳು. ಬಂದು ಅವ್ವನ ಮುಂದೆ ಕೂತು ಬುತ್ತಿ ಬಿಚ್ಚಿದಳು. ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಐದು ತಿಂಗಳ ಹಸಿವಿನಲ್ಲಿ ಅವಳು ಉಂಡದ್ದನ್ನು ಶಾಂತಾಬಾಯಿ ನೋಡುತ್ತ ಕೂತರು. ರೈನರ್ ಎದ್ದು ಹೊರಗೆ ಹೋದರು. ಅವರ ಕಣ್ಣು ಒದ್ದೆಯಾಗಿತ್ತು.

ಐವತ್ತೇಳರಲ್ಲಿ ಇದ್ದವರು ರೇಷ್ಮಾ, ಸವಿತಾ ಇಬ್ಬರೇ. ಪಂದ್ಯ ಮಧ್ಯಾಹ್ನ ಮೂರೂವರೆಗೆ. ರೇಷ್ಮಾ ಎತ್ತರದ ಗಟ್ಟಿ ಹುಡುಗಿ. ಮೊದಲ ಸುತ್ತಿನಲ್ಲಿ ಸವಿತಾಳನ್ನು ಮೂಲೆಗೆ ಒತ್ತಿ ಹೊಡೆದಳು. ನಾನು ಕಣ್ಣು ಮುಚ್ಚಿದ್ದೆ, ಪಕ್ಕದಲ್ಲಿ ಶಾಂತಾಬಾಯಿ ಮುಚ್ಚಲಿಲ್ಲ. ಎರಡನೆಯ ಸುತ್ತಿನಲ್ಲಿ ರೈನರ್ "ಎಡಕ್ಕೆ! ಎಡಕ್ಕೆ!" ಎಂದು ಗಂಟಲು ಹರಿದುಕೊಂಡರು. ಸವಿತಾ ಹೊಡೆದಳು, ಎಡಕ್ಕೆ ಸರಿದಳು, ಮತ್ತೆ ಹೊಡೆದಳು. ಮೂರನೆಯ ಸುತ್ತಿನಲ್ಲಿ ಹಿಂದೆ ಹೆಜ್ಜೆ ಇಟ್ಟವಳು ರೇಷ್ಮಾ. ಐವರು ತೀರ್ಪುಗಾರರಲ್ಲಿ ಮೂವರು ರೇಷ್ಮಾಳಿಗೆ, ಇಬ್ಬರು ಸವಿತಾಳಿಗೆ ಕೊಟ್ಟರು. ಸೋತಳು. ರಾಜ್ಯ ಮಟ್ಟಕ್ಕೆ ಹೋಗುವವಳು ರೇಷ್ಮಾ. ಕೆಳಗಿಳಿದ ರೇಷ್ಮಾ ಸವಿತಾಳ ಹೆಗಲು ಹಿಡಿದು, "ಯಾಕ ಬಂದಿ ಐವತ್ತೇಳಕ್ಕ? ನನ್ನ ಜೀವ ತಗಿಯಾಕ?" ಎಂದು ಏದುಸಿರು ಬಿಡುತ್ತಾ ನಕ್ಕಳು.

ಮರುದಿನ ಭಾನುವಾರ, ಮಾಸ್ತರರು ಬೆಳಿಗ್ಗೆ ನಮಗೆ ಬಸವಕಲ್ಯಾಣದ ಕೋಟೆ ತೋರಿಸಿದರು. ತೋಪು, ಬಾವಿ, ಬುರುಜು ಎಲ್ಲ ನೋಡಿದೆವು. ಸಂಜೆ ಹುಮನಾಬಾದ್ ನಿಲ್ದಾಣದಿಂದ ಕಲಬುರಗಿಗೆ ರೈಲು. ಪ್ಲಾಟ್‌ಫಾರಂನಲ್ಲಿ ಸವಿತಾ ಮತ್ತು ಶಾಂತಾಬಾಯಿ ನಿಂತಿದ್ದರು. ಸವಿತಾಳ ಎಡಗಣ್ಣಿನ ಕೆಳಗೆ ಊದಿತ್ತು. ನಾಳೆ ಹುಲಸೂರಿಗೆ ಎಷ್ಟು ಹೊತ್ತಿನ ಬಸ್ಸು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಶಾಂತಾಬಾಯಿಯೇ ಹೇಳಿದರು.

"ಅಂಗಡಿಯವ್ರಿಗಿ ಫೋನ್ ಮಾಡಿ ಬ್ಯಾಡ ಅಂದೀನ್ರಿ. ಸೀರಿ ಯಾರರ ಮಡಚ್ತಾರ. ಈಕಿ ನಿನ್ನಿ ಮಾಡಿದ್ದು ಯಾರರ ಮಾಡ್ತಾರೇನ್ರಿ?"

ಸವಿತಾ ಅವ್ವನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ತಲೆ ತಗ್ಗಿಸಿದ್ದಳು. ರೈಲು ಬಂತು. ನಾವು ಹತ್ತಿದ ಮೇಲೆ ಶಾಂತಾಬಾಯಿ ಕಿಟಕಿಯ ಸರಳು ಹಿಡಿದರು.

"ಮೇಡಂ, ಸಾಬಗ ಒಂದ್ ಮಾತು ಕೇಳ್ರಿ. ಐವತ್ತೇಳು ಕಿಲೋ ತುಂಬಾಕ ಈಕಿ ದಿನಾ ಎಷ್ಟು ರೊಟ್ಟಿ ಉಣ್ಣಬೇಕು?"

ಜರ್ಮನ್‌ನಲ್ಲಿ ಕೇಳಿದೆ. ರೈನರ್ ನನ್ನ ಮುಖ ನೋಡಿದರು, ಮತ್ತೊಮ್ಮೆ ಹೇಳಿ ಎಂದರು, ಹೇಳಿದೆ. ಮೂವತ್ತೊಂದು ಪಂದ್ಯದಲ್ಲಿ ಒಬ್ಬರೂ ತನಗೆ ಈ ಪ್ರಶ್ನೆ ಕೇಳಿರಲಿಲ್ಲ ಎಂದರು. ರೈಲು ಅಲುಗಿತು. ಅವರು ಅವಸರದಿಂದ ಕಿಟಕಿಯಾಚೆ ಕೈ ಚಾಚಿ, ಗುದ್ದಿ ಗುದ್ದಿ ಸೊಟ್ಟಗಾದ ಐದೂ ಬೆರಳು ಬಿಡಿಸಿ ತೋರಿಸಿದರು.

ಶಾಂತಾಬಾಯಿ ಎಣಿಸಿ ನೋಡಿದರು. ರೈಲಿನ ಜೊತೆ ನಾಲ್ಕು ಹೆಜ್ಜೆ ನಡೆಯುತ್ತ ಕೂಗಿ ಹೇಳಿದರು: "ಐದು ಯಾಕ್ರಿ, ಏಳು ರೊಟ್ಟಿ ಬಡೀತೀನಿ!"