ಕಣ್ಣಿಗೊತ್ತಿಕೊಂಡ ಪುಸ್ತಕ

ಗಿರಿಜಕ್ಕನ ಕಾರಿನ ಕನ್ನಡಿಯ ಅಂಚಿನಲ್ಲಿ ಶಾಲೆ ಮುಗಿಯುವ ತನಕ ಒಂದು ಟಿಕಳಿ ಅಂಟಿಕೊಂಡಿರುತ್ತಿತ್ತು. ಬೆಳಿಗ್ಗೆ ಪಾರ್ಕಿಂಗಿನಲ್ಲಿ ಹಣೆಯಿಂದ ಕಿತ್ತು ಅಲ್ಲಿಗೆ ಅಂಟಿಸುವರು, ಸಂಜೆ ಮತ್ತೆ ಹಣೆಗೆ. ಹುಬ್ಬಳ್ಳಿಯವರು. ಅಮೆರಿಕದ ನೆವಾರ್ಕಿನ ನಮ್ಮ ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸಿಗೆ ಸಮಾಜ ಪಾಠ ಹೇಳುತ್ತಿದ್ದರು. ಜಗತ್ತಿನ ಧರ್ಮಗಳೆಲ್ಲ ಅದರಲ್ಲೇ ಬರುತ್ತವೆ; ಆದರೆ ಟೀಚರು ಯಾವ ಧರ್ಮದ ಕಡೆಗೂ ವಾಲುವ ಹಾಗಿಲ್ಲ, ಅದು ಇಲ್ಲಿನ ಸರ್ಕಾರಿ ಶಾಲೆಗಳ ನಿಯಮ. ಪಕ್ಕದ ರೂಮಿನಲ್ಲಿ ನನ್ನದು ವಿಜ್ಞಾನ.

"ಟಿಕಳಿ ಇಟ್ಕೊಂಡ್ರೆ ಇಲ್ಲಿ ಯಾರು ಬೇಡ ಅಂತಾರೆ?" ಎಂದು ಒಮ್ಮೆ ರೇಗಿದ್ದೆ.

"ಯಾರೂ ಅನ್ನೂದಿಲ್ಲವಾ. ಆದ್ರ ನಾ ಯಾರ ಪೈಕಿ ಅಂತ ಹುಡುಗರಿಗೆ ಗೊತ್ತಾಗಬಾರದು. 'ನಾವು' ಅನ್ನೂದು ಕಾರಿನ್ಯಾಗ. ಕ್ಲಾಸಿನ್ಯಾಗ ಎಲ್ಲಾರೂ 'ಅವರು'."

ಹಾಗಾಗಿ "ಹಿಂದೂಗಳು ಹೀಗೆ ನಂಬುತ್ತಾರೆ" ಎಂದೇ ಪಾಠ. ಬೆಂಗಳೂರಿನಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಮಕ್ಕಳ ಅಪ್ಪ ಅಮ್ಮಂದಿರಿಗೆ ಅದೇ ಉರಿ. "ನೀವೇ ಹಿಂಗಂದ್ರೆ ಹೆಂಗೆ ಮೇಡಂ, ನಮ್ಮೋರಾಗಿ!" ಅದೇ ವಾರ ಇಸ್ಲಾಮಿಗೆ ಯಾಕಷ್ಟು ದಿನ ಎಂದು ಒಬ್ಬರ ಈಮೇಲು, ಏಸುವಿಗೆ ಯಾಕಿಷ್ಟೇ ಎಂದು ಇನ್ನೊಬ್ಬರದು. ಗಿರಿಜಕ್ಕ ತಣ್ಣಗಾದ ಚಹಾ ಹಿಡಿದು ನನ್ನ ರೂಮಿಗೆ ಬಂದು ಕೂರುವರು. "ಎಲ್ಲಾರಿಗೂ ತಮ್ಮದ ಕಡಿಮಿ ಬಿದ್ದೈತಿ. ಸಾಕಾಗೇತಿ ನೋಡವಾ." ಆದರೂ ಬುದ್ಧ ಮನೆ ಬಿಟ್ಟು ಹೊರಟ ಪಾಠದ ದಿನ ಗೋಡೆಯಾಚೆಯಿಂದ ಅವರ ದನಿ ಕೇಳಿ ನನ್ನ ಕ್ಲಾಸಿನ ಮಕ್ಕಳೂ ಸುಮ್ಮನಾಗುತ್ತಿದ್ದವು. ಆ ಪಾಠಗಳೆಂದರೆ ಅವರಿಗೆ ಪ್ರಾಣ.

ಕೊನೆಗೆ ಮುಳುವಾದದ್ದು ಕೈಯ ರೂಢಿ. ಪಾಠದ ನಡುವೆ ಪಠ್ಯಪುಸ್ತಕ ಜಾರಿ ಕಾಲಿಗೆ ತಾಗಿತು. ನಾವೆಲ್ಲ ಮಾಡುವ ಹಾಗೆ ಎತ್ತಿ ಕಣ್ಣಿಗೊತ್ತಿಕೊಂಡರು. ತೆರೆದಿದ್ದ ಪುಟದಲ್ಲಿ ಶಿವನ ಚಿತ್ರವಿತ್ತು. ಟೀಚರು ಕ್ಲಾಸಿನಲ್ಲೇ ಪೂಜೆ ಮಾಡಿದರೆಂದು ಯಾರದೋ ಮನೆಯಿಂದ ದೂರು ಹೋಯಿತು. ಗಣಿತದ ಪುಸ್ತಕ ಬಿದ್ದಿದ್ದರೂ ಹೀಗೇ ಮಾಡುತ್ತಿದ್ದೆ ಎಂದು ಗಿರಿಜಕ್ಕ ಪ್ರಿನ್ಸಿಪಾಲರಿಗೆ ವಿವರಿಸಿದರಂತೆ. ಪಾಪ, ಪ್ರಿನ್ಸಿಪಾಲರೇನೂ ಕೆಟ್ಟವರಲ್ಲ. ಎಲ್ಲ ಕೇಳಿಸಿಕೊಂಡು, ಹಾಗಾದರೆ ಮುಂದಿನ ವರ್ಷ ಗಣಿತವನ್ನೇ ತಗೊಳ್ಳಿ ಎಂದರಂತೆ.

ನನಗೆ ಮೈಯೆಲ್ಲ ಉರಿಯಿತು. ಗಿರಿಜಕ್ಕ ಜಗಳವಾಡಲಿಲ್ಲ. "ಗಣಿತ ಒಲ್ಲೆ" ಎಂದು ಕೆಲಸ ಬಿಟ್ಟರು.

ಜೂನಿನಲ್ಲಿ ಅವರ ರೂಮು ಖಾಲಿ ಮಾಡಲು ನಾನೂ ಹೋದೆ. ಪೆಟ್ಟಿಗೆ ತುಂಬುವಾಗ ಅದೇ ಪುಸ್ತಕ ಜಾರಿ ಅವರ ಕಾಲ ಮೇಲೆ ಬಿತ್ತು. ಎತ್ತಿದರು. ಕೈ ಎದೆಯವರೆಗೆ ಬಂದು ನಿಂತಿತು.

"ಯಾರೂ ಇಲ್ಲ ಗಿರಿಜಕ್ಕ, ಒತ್ಕೊಳ್ಳಿ" ಎಂದೆ.

"ಬ್ಯಾಡ ಬಿಡವಾ" ಎಂದು ಪುಸ್ತಕವನ್ನು ಪೆಟ್ಟಿಗೆಗೆ ಹಾಕಿದರು. "ಈಗ ಕೈ ತಾನ ನಿಲ್ಲತೈತಿ."